ತಾಮ್ರಾಕ್ಷನ ವಕೀಲಿ ಮಾಡಿದ ನನ್ನ ನೆಗೆಣ್ಣಿ

ಸುಮಂಗಲಾ ಯಾವ ಪುಸ್ತಕವನ್ನೂ ಮೊದಲ ಪುಟದಿಂದ ಓದಿದವಳಲ್ಲ. ಕೈಗೆ ಸಿಕ್ಕದ್ದು ಕಾದಂಬರಿಯಾಗಲಿ, ಮಕ್ಕಳ ಚಿತ್ರಕಥೆಯಾಗಲಿ, ಮೊದಲು ಕೊನೆಯ ಪುಟ ತೆಗೆದು ತೊಡೆಯ ಮೇಲೆ ಹರವಿಕೊಳ್ಳುವಳು, ಅಂಗೈಯಿಂದ ಒಮ್ಮೆ ಸವರುವಳು, ಆಮೇಲೆ ನಿಧಾನವಾಗಿ ಹಿಂದಕ್ಕೆ ಬರುವಳು. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಹುಟ್ಟಿ ಬೆಳೆದವಳು. ಸೀರೆ ಬಿಚ್ಚಿದರೆ ಮೊದಲು ಸೆರಗನ್ನೇ ನೋಡುವ ಅಭ್ಯಾಸ ಪುಸ್ತಕಕ್ಕೂ ಬಂದಿತ್ತು. "ಸೀರಿ ಹ್ಯಾಂಗೈತಿ ಅಂತ ಸೆರಗ ಹೇಳತೈತಿ ಅಕ್ಕಾರ. ಒಡಲ ಎಲ್ಲಾದ್ರದೂ ಒಂದ ನಮೂನಿ," ಎಂದು ನನಗೆ ತಿಳಿಹೇಳುತ್ತಿದ್ದಳು. ಕೊನೆ ಗೊತ್ತಾದ ಮೇಲೆ ಓದುವುದೇನು ಉಳಿಯಿತು ಎಂದು ನಾನು ಕೇಳಿದರೆ, ಯಾಕೆ ಹೀಗಾಯಿತು ಅನ್ನುವುದು ಉಳಿಯಿತಲ್ಲ ಎನ್ನುವಳು. ಉತ್ತರ ಕೊಡುವುದರಲ್ಲಿ ಅವಳನ್ನು ಮೀರಿಸಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಅವಳು ನನ್ನ ಮೈದುನನ ಹೆಂಡತಿ. ನರಗುಂದದ ಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ನಾನು ರೋಣದಿಂದ ಸೊಸೆಯಾಗಿ ಬಂದವಳು, ಕಾಳಿನ ವ್ಯಾಪಾರ ಮಾಡುವವರ ಮಗಳು. ಮಾತನ್ನು ಅಳೆದು ಸುರಿಯುವುದು ನನ್ನ ತವರಿನ ರೂಢಿ. ನಾನು ಬಂದ ಕೆಲವು ವರ್ಷಗಳ ಮೇಲೆ ಬಂದ ಸುಮಂಗಲಾಳ ಮಾತಿಗೆ ಅಳತೆಯೂ ಇರಲಿಲ್ಲ, ತೂಕವೂ ಇರಲಿಲ್ಲ, ಆದರೂ ಎಲ್ಲರೂ ಅದನ್ನೇ ಕೇಳುತ್ತಿದ್ದರು. ಎತ್ತರದ ಹೆಂಗಸು, ನಕ್ಕರೆ ಬಾಯಿಗೆ ಸೆರಗು ಹಿಡಿಯುವಳು, ಆದರೆ ನಗು ಮಾತ್ರ ಅಂಗಡಿಯ ಹಣದ ಗಲ್ಲೆಯವರೆಗೂ ಕೇಳುತ್ತಿತ್ತು. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳ ಒಡವೆಗಲ್ಲ, ಬಣ್ಣಕ್ಕಲ್ಲ, ಅತ್ತೆಯವರು ಅವಳನ್ನು ಹೆಚ್ಚು ಹಚ್ಚಿಕೊಂಡದ್ದಕ್ಕೂ ಅಲ್ಲ. ಹೊಟ್ಟೆಕಿಚ್ಚು ನನ್ನ ಮಗಳು ಅಕ್ಷತಾಳಿಗಾಗಿ.

ಅಕ್ಷತಾ ನನಗೆ ಒಬ್ಬಳೇ ಮಗಳು. ಶಾಲೆಯಲ್ಲಿ ಏನು ಕಲಿಸಿದರು ಎಂದು ನಾನು ಕೇಳಿದರೆ "ಏನಿಲ್ಲ" ಎನ್ನುವ ಹುಡುಗಿ, ಕಾಕಿ ಸುಮಂಗಲಾಳ ಹತ್ತಿರ ಅದೇ ಶಾಲೆಯ ಕತೆಯನ್ನು ಕಣ್ಣು ಬಾಯಿ ತಿರುಗಿಸಿ ಹೇಳುವಳು. ಅವರಿಬ್ಬರ ನಡುವೆ ಈ ಗಂಟು ಬಿದ್ದದ್ದು ಒಬ್ಬ ಹುಚ್ಚು ವಿಜ್ಞಾನಿಯಿಂದ.

ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗೆ ತಿಂಗಳಿಗೊಮ್ಮೆ ಒಂದು ಚಿತ್ರಕಥೆ ಬರುತ್ತಿತ್ತು. ಮುಂದೆ ಎಂದೋ ಬರುವ ಕಾಲ, ಆಕಾಶಕ್ಕೆ ಮುಟ್ಟುವ ಊರು. ಆ ಊರಿನಲ್ಲಿ ಡಾಕ್ಟರ್ ತಾಮ್ರಾಕ್ಷ ಎಂಬ ಒಬ್ಬ ವಿಜ್ಞಾನಿ. ಒಂದು ಕಣ್ಣು ಅವನದೇ, ಇನ್ನೊಂದು ತಾಮ್ರದ್ದು. ಅವನು ಪ್ರತಿ ಸಂಚಿಕೆಯಲ್ಲಿ ಊರಿನ ಒಂದೊಂದು ಸಪ್ಪಳ ಕದಿಯುತ್ತಾನೆ. ಒಮ್ಮೆ ರೈಲಿನ ಸೀಟಿ, ಒಮ್ಮೆ ಗುಬ್ಬಿಗಳ ಚಿಲಿಪಿಲಿ, ಒಮ್ಮೆ ಮಕ್ಕಳು ಆಟದ ಬಯಲಿನಲ್ಲಿ ಕೂಗುವ ಕೂಗು. ಕದ್ದದ್ದನ್ನು ಗಾಜಿನ ಭರಣಿಯಲ್ಲಿ ತುಂಬಿ, ಬಿರಡೆ ಹಾಕಿ ಸಾಲಾಗಿ ಇಡುತ್ತಾನೆ. ಮಾರುವುದಿಲ್ಲ, ಯಾರನ್ನೂ ಬೆದರಿಸುವುದಿಲ್ಲ, ಒಂದು ಭರಣಿಯನ್ನೂ ತೆರೆದು ಕೇಳುವುದಿಲ್ಲ. ಒಬ್ಬ ಹುಡುಗಿ ಮತ್ತು ಅವಳ ಯಂತ್ರಮಾನವ ಅವನ ಬೆನ್ನು ಹತ್ತಿದ್ದಾರೆ. ಅವನು ಯಾಕೆ ಹೀಗೆ ಮಾಡುತ್ತಾನೆಂದು ಬರೆದವರು ಹೇಳುವುದೇ ಇಲ್ಲ. ಕೊನೆಯ ಪುಟದಲ್ಲಿ ಓದುಗರು ತಮ್ಮ ತಮ್ಮ ಊಹೆ ಕಳಿಸಬಹುದು, ಒಳ್ಳೆಯದನ್ನು ಅಚ್ಚು ಹಾಕುತ್ತಾರೆ. ಸುಮಂಗಲಾಳ ಓದು ಶುರುವಾಗುವುದೇ ಕೊನೆಯ ಪುಟದಿಂದ, ಹೀಗಾಗಿ ಕತೆಗಿಂತ ಮೊದಲು ಅವಳು ಊಹೆಗಳ ಕೈಗೆ ಸಿಕ್ಕಳು.

ಅಕ್ಷತಾಳ ಮಟ್ಟಿಗೆ ತಾಮ್ರಾಕ್ಷ ದುಷ್ಟ, ಅಷ್ಟೆ. ಸುಮಂಗಲಾ ಒಪ್ಪಲಿಲ್ಲ. ಅವನ ವಕೀಲಿಯನ್ನು ಅವಳೇ ವಹಿಸಿಕೊಂಡಳು. ಕೋರ್ಟು ನಡೆಯುತ್ತಿದ್ದುದು ನಮ್ಮ ಅಡುಗೆಮನೆಯಲ್ಲಿ, ಸಂಜೆ ರೊಟ್ಟಿಯ ಹೊತ್ತಿಗೆ. ಅವಳು ಬಡಿಯುವವಳು, ನಾನು ಹಂಚಿನ ಮುಂದೆ ಬೇಯಿಸುವವಳು, ಅಕ್ಷತಾ ಎದುರಿಗೆ ಪುಸ್ತಕ ಹಿಡಿದು ಕುಳಿತವಳು. ವಾದ ಸಲೀಸಾಗಿ ಸಾಗಿದಾಗ ರೊಟ್ಟಿಯೂ ಸಲೀಸು. ಹೊಸ ಊಹೆ ತಲೆಯಲ್ಲಿ ಮೊಳೆಯತೊಡಗಿದರೆ ಅವಳ ಕೈ ನಿಧಾನವಾಗುವುದು, ಅಂಗೈ ರೊಟ್ಟಿಯ ಮೇಲೆಯೇ ನಿಂತುಬಿಡುವುದು. ನಾನು ಖಾಲಿ ಹಂಚಿನ ಮುಂದೆ ಕಾಯುತ್ತ ಕುಳಿತಿರಬೇಕು. ಆ ಮೌನದಲ್ಲಿ ನನ್ನ ಮಗಳು ಅವಳ ಮುಖ ನೋಡುತ್ತಿದ್ದ ರೀತಿಯನ್ನು ನಾನು ಮರೆತಿಲ್ಲ. ಹಡೆದ ನನ್ನ ಮುಖವನ್ನು ಅವಳು ಒಮ್ಮೆಯೂ ಹಾಗೆ ನೋಡಿರಲಿಲ್ಲ.

ಮೊದಲು ಸುಮಂಗಲಾ, ತಾಮ್ರಾಕ್ಷನಿಗೆ ಕಿವಿ ಕೇಳುವುದಿಲ್ಲ ಎಂದಳು. ಎಲ್ಲರೂ ಕೇಳುವುದನ್ನು ತಾನು ಕಣ್ಣಿಂದಾದರೂ ನೋಡೋಣವೆಂದು ಭರಣಿಯಲ್ಲಿ ತುಂಬುತ್ತಾನಂತೆ. ಮುಂದಿನ ಸಂಚಿಕೆಯಲ್ಲಿ ಅವನು ಬಾಗಿಲು ಬಡಿದದ್ದು ಕೇಳಿ ಎದ್ದುಹೋದ. ಆ ಊಹೆ ಬಿತ್ತು. ಅವಳು ಸ್ವಲ್ಪವೂ ಬೇಸರಿಸಿಕೊಳ್ಳದೆ ಇನ್ನೊಂದು ಹೊಸೆದಳು. ಅವನಿಗೆ ತಾಯಿಯ ದನಿ ಮರೆತುಹೋಗಿದೆ, ಅದು ಯಾವುದರಲ್ಲಾದರೂ ಸೇರಿಕೊಂಡಿರಬಹುದೆಂದು ಹುಡುಕುತ್ತಿದ್ದಾನೆ. ಅತ್ತೆಯವರಿಗೆ ಅಕ್ಷರ ಬಾರದು, ಚಿತ್ರ ನೋಡಿ ಕತೆ ಕೇಳುತ್ತಿದ್ದರು. ಈ ಊಹೆ ಕೇಳಿದ ದಿನ ಅವರು ಕಣ್ಣು ಒರೆಸಿಕೊಂಡು, ಆ ಹುಡುಗನಿಗೆ ಯಾರಾದರೂ ಊಟಕ್ಕೆ ಹಾಕುತ್ತಾರೋ ಇಲ್ಲವೋ ಎಂದು ವಿಚಾರಿಸಿದರು. ಅವನು ಐವತ್ತು ದಾಟಿದ ಗಂಡಸು ಅತ್ತೆ ಎಂದು ನಾನು ನೆನಪಿಸಬೇಕಾಯಿತು. ಯಾರೂ ನನ್ನ ಕಡೆ ನೋಡಲಿಲ್ಲ.

ಅವಳದೊಂದು ಮಾತಿತ್ತು. "ಮನಷ್ಯಾ ಏನ ಕದ್ದ ಅಂತ ಎಲ್ಲಾರೂ ನೋಡ್ತಾರ ಅಕ್ಷು. ನಾವು ಆಂವ ಏನ ಬಿಟ್ಟ ಅಂತ ನೋಡೂಣು." ಈ ಮಾತು ಅಡುಗೆಮನೆ ದಾಟಿ ಅಂಗಡಿಗೂ ಬಂತು. ನನ್ನ ಯಜಮಾನರು ಗಿರಾಕಿ ಯಾವ ಸೀರೆ ಬಿಟ್ಟು ಹೋದಳೆಂದು ಗಮನಿಸತೊಡಗಿದರು. ನಾನು ಇಷ್ಟು ವರ್ಷ ಹೇಳಿದ ಯಾವ ಮಾತನ್ನೂ ಆ ಮನುಷ್ಯ ಹಾಗೆ ಮನಸ್ಸಿಗೆ ಹಾಕಿಕೊಂಡದ್ದಿಲ್ಲ.

ಅಂಗಡಿಯ ಮಾತು ಬಂತು, ಹಾಗಾದರೆ ಪುರ್ತಗೇರಿಯವರ ಪ್ರಸಂಗವನ್ನೂ ಹೇಳಿಬಿಡಬೇಕು. ಮದುವೆಯ ಜವಳಿ ತೆಗೆಯಲು ಆ ಊರಿನ ಒಂದು ದೊಡ್ಡ ಮನೆತನದವರು ಬಂದಿದ್ದರು. ಜವಳಿಯೆಂದರೆ ಅರ್ಧ ದಿನದ ಕೆಲಸ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಗಾದಿಯ ಮೇಲೆ ಕೂತು, ಚಹಾ ಕುಡಿದು, ಎದ್ದು, ಮತ್ತೆ ಕೂತು ಆರಿಸುತ್ತಾರೆ. ಸುಮಂಗಲಾ ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಪಕ್ಕದಲ್ಲಿ ಅಕ್ಷತಾ ಮಡಚುತ್ತಿದ್ದಳು, ಬಾಯಿ ಮಾತ್ರ ತಾಮ್ರಾಕ್ಷನದೇ. ಡಾಕ್ಟರು ಒಬ್ಬನೇ ಇರುತ್ತಾನೆ, ಅಷ್ಟು ದೊಡ್ಡ ಮನೆ, ತಾಯಿಯಿಲ್ಲ, ಮನಸ್ಸಿನಿಂದ ಕೆಟ್ಟವನಲ್ಲ ಎಂದೆಲ್ಲ ಕಾಕಿಯೂ ಮಗಳೂ ಮಾತಾಡಿಕೊಂಡರು. ಮದುಮಗಳ ಸೋದರತ್ತೆ ಸೀರೆ ನೋಡುವುದನ್ನು ಬಿಟ್ಟು ಕಿವಿ ಈ ಕಡೆ ಇಟ್ಟಿದ್ದಾಳೆ. ಸ್ವಲ್ಪ ಹೊತ್ತಿಗೆ ಹತ್ತಿರ ಸರಿದು, ಹುಡುಗ ಯಾವೂರವನು, ಯಾರ ಪೈಕಿ, ದವಾಖಾನೆ ಸ್ವಂತದ್ದೋ ಎಂದು ಮೆಲ್ಲಗೆ ಕೇಳಿದಳು. ಅವಳಿಗೂ ಮದುವೆಗೆ ಬಂದ ಮಗಳಿದ್ದಳಂತೆ.

ನಾನಾಗಿದ್ದರೆ ನಕ್ಕು ಗಿರಾಕಿಯನ್ನು ಕಳೆದುಕೊಳ್ಳುತ್ತಿದ್ದೆ. ಸುಮಂಗಲಾ ಮುಖದ ಒಂದು ಗೆರೆಯೂ ಅಲುಗದಂತೆ ಉತ್ತರಿಸಿದಳು. "ಹುಡುಗ ಚಲೋ ಅದಾನ್ರಿ ಯವ್ವಾ. ಆದ್ರ ಆ ಮನ್ಯಾಗ ಒಂದ ಸಪ್ಪಳ ಇಲ್ಲ. ಮಾತಾಡೂ ಮಂದಿ ಮಗಳಿಗೆ ಅಲ್ಲಿ ಒಗ್ಗೂದಿಲ್ರಿ." ಸೋದರತ್ತೆ ಯೋಚಿಸಿ, ಹೌದು, ತಮ್ಮ ಹುಡುಗಿ ಬಾಯಿ ಸುಮ್ಮನಿರುವುದಿಲ್ಲ ಎಂದು ಒಪ್ಪಿಕೊಂಡು, ಆ ಸಮಾಧಾನದಲ್ಲಿ ಇನ್ನೂ ಎರಡು ಸೀರೆ ತೆಗೆದಳು. ಮುಂದೆ ವಾರಗಟ್ಟಲೆ ನಮ್ಮ ಮನೆಯಲ್ಲಿ ತಾಮ್ರಾಕ್ಷನಿಗೆ ಹೆಣ್ಣು ನೋಡುವ ತಮಾಷೆ ನಡೆಯಿತು. ಅಕ್ಷತಾ ಕಾಕಿಯ ದನಿಯನ್ನು ಅಣಕಿಸಿ ತೋರಿಸುವಾಗ ನಾನೂ ನಕ್ಕಿದ್ದೇನೆ. ಆದರೆ ನನ್ನ ದನಿಯನ್ನು ಅಣಕಿಸಬೇಕೆಂದು ಆ ಹುಡುಗಿಗೆ ಯಾವತ್ತೂ ಅನ್ನಿಸಲಿಲ್ಲವಲ್ಲ.

ಕೊನೆಗೆ ನಾನೂ ಓದಿದೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಕ್ಷತಾಳ ಕಪಾಟಿನಿಂದ ಹಳೆಯ ಸಂಚಿಕೆಗಳನ್ನು ಒಂದೊಂದಾಗಿ ತಂದು, ಸಿವಿಲ್ ಸರ್ವಿಸ್ ಪರೀಕ್ಷೆಗೆ ಕುಳಿತವರ ಹಾಗೆ ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಒಂದು ಊಹೆ ಸಿದ್ಧಪಡಿಸಿದೆ. ಊರೆಲ್ಲ ಮೂಕವಾದ ಮೇಲೆ ತಾಮ್ರಾಕ್ಷ ಆ ಸಪ್ಪಳಗಳನ್ನೇ ಊರಿಗೆ ಮಾರುತ್ತಾನೆ, ವ್ಯಾಪಾರದ ಬುದ್ಧಿ ಅವನದು. ನನ್ನ ಮಟ್ಟಿಗೆ ಅದು ಬಹಳ ಗಟ್ಟಿಯಾದ ಊಹೆ. ರೊಟ್ಟಿಯ ಹೊತ್ತಿಗೆ, ಏನೋ ಆಗ ತಾನೇ ಹೊಳೆದವಳಂತೆ ಹೇಳಿದೆ. ಅಕ್ಷತಾ ನನ್ನನ್ನು ಮನೆಗೆ ಬಂದ ಅತಿಥಿಯ ಹಾಗೆ ಮರ್ಯಾದೆಯಿಂದ ನೋಡಿದಳು. ಎರಡನೆಯ ಸಂಚಿಕೆಯಲ್ಲೇ ಪೊಲೀಸರು ಹಾಗೆ ತಿಳಿದಿದ್ದರು, ಅದು ಸುಳ್ಳೆಂದು ಆಗಲೇ ಗೊತ್ತಾಯಿತು ಅವ್ವ ಎಂದಳು. ನಾನು ಓದಿ ಮರೆತ ಪುಟ ಅದು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸುಮಂಗಲಾ ನಡುವೆ ಬಂದು, ಅಕ್ಕನವರು ಹೇಳಿದ್ದರಲ್ಲೂ ಏನೋ ಇದೆ, ಸುಮ್ಮನೆ ತೆಗೆದುಹಾಕಬೇಡ ಎಂದು ನನ್ನ ಪರವಾಗಿಯೂ ವಾದ ಹೂಡಿದಳು. ತಾಮ್ರಾಕ್ಷನ ಸಾಲಿಗೆ ನನ್ನನ್ನೂ ಸೇರಿಸಿಕೊಂಡಳು. ಆ ದಿನ ನನ್ನ ರೊಟ್ಟಿಗಳು ಕರಕಾದವು.

ಅದೇ ವರ್ಷ ಅವರಿಬ್ಬರ ಊಹೆಯೊಂದು ಅಚ್ಚಾಯಿತು. ಊರಿಗೆ ಏನೋ ಕೇಡು ಬರುತ್ತದೆಂದು ತಾಮ್ರಾಕ್ಷನೊಬ್ಬನಿಗೇ ಗೊತ್ತು, ಅದಕ್ಕೇ ಅವನು ಸಪ್ಪಳಗಳನ್ನು ತೆಗೆದಿಡುತ್ತಿದ್ದಾನೆ. ಒಕ್ಕಲುಮನೆಯಲ್ಲಿ ಒಳ್ಳೆಯ ತೆನೆ ಆರಿಸಿ ಬಿತ್ತನೆಗೆಂದು ಎತ್ತಿಟ್ಟ ಕಾಳನ್ನು ಎಷ್ಟೇ ಹಸಿವಾದರೂ ಮುಟ್ಟುವುದಿಲ್ಲವಲ್ಲ, ಹಾಗೆ ಅವನೂ ಭರಣಿ ತೆರೆಯುವುದಿಲ್ಲ. ಕಾಳಿನ ಮನೆಯ ಮಗಳು ನಾನು, ಇದು ನನಗೆ ಹೊಳೆಯಬೇಕಿತ್ತು. ನೇಕಾರರ ಮಗಳಿಗೆ ಹೊಳೆಯಿತು. ಊಹೆಯ ಕೆಳಗೆ ಹೆಸರು ಹೀಗಿತ್ತು: ಅಕ್ಷತಾ ಮತ್ತು ಕಾಕಿ, ನರಗುಂದ.

ಯಜಮಾನರು ಆ ಪುಟವನ್ನು ಗಲ್ಲೆಯ ಗಾಜಿನ ಕೆಳಗೆ ಇಟ್ಟರು. ಬಂದ ಗಿರಾಕಿಗಳೆಲ್ಲ ಓದಿದರು. ಅವ್ವ ಯಾರೆಂದು ಯಾರೂ ಕೇಳಲಿಲ್ಲ, ಕಾಕಿ ಯಾರೆಂದು ಎಲ್ಲರೂ ಕೇಳಿದರು. ಅತ್ತೆಯವರು ಸಂಜೆ ಎಲ್ಲರಿಗೂ ಮಂಡಕ್ಕಿಯ ಗಿರಮಿಟ್ ಆಗಲಿ ಎಂದರು. ಮಾಡಿದವಳು ನಾನೇ. ಹಸಿಮೆಣಸಿನಕಾಯಿಯನ್ನು ಬೇಕೆಂತಲೇ ಮುಷ್ಟಿ ತುಂಬ ಹೆಚ್ಚಿಗೆ ಹಾಕಿದೆ. ಎಲ್ಲರೂ ಇವತ್ತು ಗಿರಮಿಟ್ ಭಾಳ ಚಲೋ ಆಗಿದೆ ಎಂದು ಎರಡು ಸಲ ಹಾಕಿಸಿಕೊಂಡರು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮೈದುನ ಗಜೇಂದ್ರಗಡಕ್ಕೆ ಹೋಗಿ ನೆಲೆಸುವುದೆಂದು ತೀರ್ಮಾನವಾಯಿತು. ಸುಮಂಗಲಾಳ ತಂದೆಗೆ ವಯಸ್ಸಾಗಿ ಮಗ್ಗಗಳನ್ನು ನೋಡಿಕೊಳ್ಳುವವರಿರಲಿಲ್ಲ. ಅಲ್ಲಿ ನೇಯಿಸಿ ಇಲ್ಲಿ ಮಾರುವುದು ಅಂಗಡಿಗೂ ಅನುಕೂಲ. ಜಗಳವಿಲ್ಲ, ಪಾಲಿನ ಮಾತಿಲ್ಲ. ಅವಳ ಪಾತ್ರೆ ಪಡಗವನ್ನು ಹುಲ್ಲು ಸುತ್ತಿ ಕಟ್ಟಿಕೊಟ್ಟವಳು ನಾನೇ. ಅಷ್ಟು ಹುರುಪಿನಿಂದ ಕೆಲಸ ಮಾಡಿದ್ದನ್ನು ಕಂಡು ಅತ್ತೆಯವರು, ನೆಗೆಣ್ಣಿಯರೆಂದರೆ ಹೀಗಿರಬೇಕು ಎಂದು ಪಕ್ಕದ ಮನೆಯವರಿಗೆ ಹೇಳಿದರು. ಇನ್ನು ಮಗಳು ನನ್ನವಳಾಗುತ್ತಾಳೆ ಎಂದು ನಾನು ಎಣಿಸಿದ್ದೆ. ಮಗಳು ಮಾತನ್ನೇ ಕಡಿಮೆ ಮಾಡಿದಳು. ರೊಟ್ಟಿಯ ಹೊತ್ತಿಗೆ ನಾನೊಬ್ಬಳೇ ಬಡಿದು ನಾನೊಬ್ಬಳೇ ಬೇಯಿಸುತ್ತಿದ್ದೆ, ಅವಳು ಮಾಳಿಗೆಯ ಮೇಲೆ ಫೋನಿನಲ್ಲಿ ಕಾಕಿಯ ಜೊತೆ ವಾದಿಸುತ್ತಿದ್ದಳು.

ಬೇಸಿಗೆಯ ರಜೆಗೆ ಅವಳು ಗಜೇಂದ್ರಗಡಕ್ಕೆ ಹೋದಳು. ಶಾಲೆ ತೆರೆಯಲು ಕೆಲವೇ ದಿನ ಉಳಿದಿದ್ದಾಗ ಫೋನು ಬಂತು. ಎಂಟನೆಯ ಇಯತ್ತೆಗೆ ಅಲ್ಲಿಯೇ ಶಾಲೆಗೆ ಹೋಗುತ್ತಾಳಂತೆ, ಕಾಕಿಯ ಮನೆಯಲ್ಲೇ ಇರುತ್ತಾಳಂತೆ. ಯಜಮಾನರು, ಅದೇನು ಪರರ ಮನೆಯೇ, ಶಾಲೆಯೂ ಚಲೋ ಇದೆಯಂತೆ ಎಂದರು. ಅವರಿಗೆ ಅದು ಶಾಲೆಯ ಮಾತು. ಈಗ ಬಿಟ್ಟರೆ ಈ ಹುಡುಗಿ ನನಗೆ ಮತ್ತೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮರುದಿನ ಮುಂಜಾನೆಯ ಬಸ್ಸು ಹತ್ತಿದೆ. ನಡುವೆ ರೋಣ ಬಂತು, ತವರಿನಲ್ಲಿ ಇಳಿಯಲಿಲ್ಲ. ದಾರಿಯುದ್ದಕ್ಕೂ ಸುಮಂಗಲಾಳಿಗೆ ಹೇಳಬೇಕಾದ ಕಟುಮಾತುಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೂತೆ.

ಆ ಮನೆಯಲ್ಲಿ ಮಗ್ಗದ ಸಪ್ಪಳ ಬೀದಿಗೇ ಕೇಳುತ್ತದೆ. ಒಳಗೆ ಸುಮಂಗಲಾ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆಯುತ್ತಿದ್ದಳು. ಪಕ್ಕದಲ್ಲಿ ಅಕ್ಷತಾ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನನ್ನ ಮನೆಯಲ್ಲಿ ಒಂದು ಲೋಟ ಎತ್ತಿಡದ ಹುಡುಗಿ. ನಾನು ಬಂದದ್ದು ಯಾಕೆಂದು ಸುಮಂಗಲಾ ಕೇಳಲಿಲ್ಲ. ಎದ್ದು ಕಾಲಿಗೆ ನೀರು ಕೊಟ್ಟಳು, ಊಟಕ್ಕೆ ಬಡಿಸಿದಳು. ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಊಟದ ನಂತರಕ್ಕೆ ಎತ್ತಿಟ್ಟು ನಾನು ರೊಟ್ಟಿ ಮುರಿದೆ. ಊಟದ ನಡುವೆ ಅಕ್ಷತಾ, ಈ ತಿಂಗಳ ಪುಸ್ತಕ ಬಂದಿರಬೇಕಲ್ಲ, ಸಂಜೆ ಹೋಗಿ ತರೋಣವೇ ಎಂದು ಕಾಕಿಯನ್ನು ಕೇಳಿದಳು.

ಸುಮಂಗಲಾ ನನಗೆ ಸಾರು ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. "ನಾ ಅದನ್ನ ಬಿಟ್ಟೀನಿ ಅಕ್ಷು," ಎಂದಳು.

"ಬಿಟ್ಟೀನಿ ಅಂದ್ರ?"

"ಓದೂದ ಬಿಟ್ಟೀನಿ. ಬ್ಯಾಸರ ಬಂತು. ಆಂವ ಕದಿಯೂದೂ ಮುಗೀವಲ್ದು, ಬರದಾಂವಗ ಯಾಕ ಅನ್ನೂದೂ ಗೊತ್ತಿದ್ದಂಗಿಲ್ಲ. ಇನ್ನ ಮ್ಯಾಲ ಮುಂಜಾನಿಂದ ಸಂಜಿತನಕ ನಂದು ಮಗ್ಗದ ಕೆಲಸ. ನೀ ಇಲ್ಲಿ ಸಾಲಿಗೆ ಬಂದ್ರ ನಿನ್ನ ಜೋಡಿ ಕೂತ ಮಾತಾಡಾಕ ನನಗ ಪುರಸೊತ್ತ ಇರೂದಿಲ್ಲ. ಅಕ್ಕಾರ ಎಲ್ಲಾ ಸಂಚಿಕಿ ಓದ್ಯಾರ. ಅವರನ್ನ ಕೇಳು."

ನಾನು ಓದಿದ್ದು ಅವಳಿಗೆ ಹೇಗೆ ಗೊತ್ತಾಯಿತೆಂದು ನನಗೆ ಇಂದಿಗೂ ತಿಳಿದಿಲ್ಲ. ಅಕ್ಷತಾಳ ಕೈ ತುತ್ತಿನ ಮೇಲೆಯೇ ನಿಂತಿತ್ತು. ಆಟದಲ್ಲಿ ಸೋತಾಗ ಅಳುವ ಹುಡುಗಿ, ಅಂದು ಅಳಲಿಲ್ಲ. ಊಟ ಮುಗಿಸಿ ಯಾರೂ ಹೇಳದೆಯೇ ತನ್ನ ಚೀಲ ತುಂಬತೊಡಗಿದಳು.

ಹೊರಡುವಾಗ ಸುಮಂಗಲಾ ನನ್ನನ್ನು ಒಳಕೋಣೆಗೆ ಕರೆದು ಉಡಿ ತುಂಬಿದಳು. ಕುಪ್ಪಸದ ಖಣ ತೆಗೆಯಲು ಕಪಾಟಿನ ಬಾಗಿಲು ತೆರೆದಾಗ ಮಡಿಸಿಟ್ಟ ಸೀರೆಗಳ ನಡುವೆ ಈ ತಿಂಗಳ ಸಂಚಿಕೆ ಇತ್ತು. ಹೊದಿಕೆಯ ಮೇಲೆ ತಾಮ್ರಾಕ್ಷ ಒಂದು ಭರಣಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಅವಳು ಅಡ್ಡ ನಿಂತಳು, ಆದರೆ ನಾನು ನೋಡಿಯಾಗಿತ್ತು, ನೋಡಿದ್ದು ಅವಳಿಗೂ ಗೊತ್ತಾಯಿತು.

"ಅಕಿಗೆ ಹೇಳಬ್ಯಾಡ್ರಿ ಅಕ್ಕಾರ," ಎಂದಳು, ಬಹಳ ಮೆಲ್ಲಗೆ. "ನಾ ಹಿಂಗ ಅನ್ನಲಿಲ್ಲಂದ್ರ ಅಕಿ ನಿಮ್ಮ ಹಿಂದ ಬರ್ತಿರಲಿಲ್ಲ."

ಆ ಕ್ಷಣದಲ್ಲಿ ನನ್ನ ಕಣ್ಣು ತುಂಬಬೇಕಿತ್ತು. ಅವಳ ಕೈ ಹಿಡಿದು ಒಂದು ಒಳ್ಳೆಯ ಮಾತು ಆಡಬೇಕಿತ್ತು. ನನಗೆ ಬಂದದ್ದು ಮತ್ತೆ ಅದೇ ಹೊಟ್ಟೆಕಿಚ್ಚು, ಹಿಂದೆಂದಿಗಿಂತ ಹೆಚ್ಚು. ಮಗಳನ್ನು ಕಿತ್ತುಕೊಂಡು ಹೋಗೋಣವೆಂದು ಬಂದವಳಿಗೆ ಅವಳು ಉಡಿಯಲ್ಲಿ ಹಾಕಿ ಕೊಟ್ಟಿದ್ದಳು. ಗೆಲ್ಲುವುದರಲ್ಲೂ ಮುಂದೆ, ಬಿಟ್ಟುಕೊಡುವುದರಲ್ಲೂ ಮುಂದೆ. ಇಷ್ಟು ಒಳ್ಳೆಯವಳ ಎದುರು ನಾನು ಎಲ್ಲಿ ನಿಲ್ಲಬೇಕು? ಕುಂಕುಮ ಹಚ್ಚಿಸಿಕೊಂಡು, ಬರುತ್ತೇನೆ ಎಂದಷ್ಟೇ ಹೇಳಿ ಹೊರಗೆ ಬಂದೆ. ಅವಳು ಬಾಗಿಲವರೆಗೂ ಬರಲಿಲ್ಲ. ನಾವು ಓಣಿ ತಿರುಗುವ ಮೊದಲೇ ಮಗ್ಗದ ಸಪ್ಪಳ ಶುರುವಾಯಿತು. ಅದಾದ ಮೇಲೆ ಅವಳನ್ನು ನಾನು ನೋಡಿಲ್ಲ. ಹಬ್ಬಕ್ಕೆ ಕರೆದರೆ ಕೆಲಸದ ನೆಪ ಹೇಳುತ್ತಾಳೆ, ಅಕ್ಷತಾಳ ಫೋನನ್ನು ಎರಡು ಮಾತಿನಲ್ಲಿ ಮುಗಿಸುತ್ತಾಳೆ.

ಬಸ್ಸಿನಲ್ಲಿ ಅಕ್ಷತಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿದವು. ರೋಣ ದಾಟಿದ ಮೇಲೆ, ನನ್ನ ಕಡೆ ತಿರುಗದೆಯೇ, "ನೀ ಖರೇನ ಎಲ್ಲಾ ಓದೀಯೇನ?" ಎಂದಳು.

"ಓದೀನಿ."

"ಹಂಗಾರ ಆಂವ ಯಾಕ ಕದೀತಾನ, ಹೇಳು."

ಈ ಸಲ ನನ್ನ ಹತ್ತಿರ ಸಿದ್ಧಮಾಡಿದ ಊಹೆ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ಆಂವಗ ಹೊಟ್ಟಿಕಿಚ್ಚು. ಎಲ್ಲಾರ ಮನ್ಯಾಗೂ ಮಕ್ಕಳು ಮಾತಾಡ್ತಾವ, ನಗತಾವ. ಆಂವನ ಮನ್ಯಾಗ ಯಾರೂ ಮಾತಾಡೂದಿಲ್ಲ. ನನಗ ಇಲ್ಲದ್ದು ಮಂದಿಗ್ಯಾಕ ಇರಬೇಕ ಅಂತ ಕದೀತಾನ."

"ಮತ್ತ ಭರಣಿ ಯಾಕ ತಗಿಯೂದಿಲ್ಲ?"

"ತಗದ ಕೇಳಿದ್ರ ಅದರಾಗ ಎಲ್ಲಾರ ಹೆಸರೂ ಇರತೈತಿ. ಆಂವನ ಹೆಸರ ಇರೂದಿಲ್ಲ. ಅದಕ್ಕ ಅಂಜತಾನ."

ಅಕ್ಷತಾ ತಿರುಗಿ ನನ್ನ ಮುಖ ನೋಡಿದಳು. ಸಾಕಷ್ಟು ಹೊತ್ತು ನೋಡಿದಳು. ಇದು ಸರಿ ಹೊಂದುತ್ತದೆ, ಎಲ್ಲ ಸಂಚಿಕೆಗೂ ಹೊಂದುತ್ತದೆ ಎಂದು ತನಗೆ ತಾನೇ ಗುಣಗುಣಿಸಿದಳು. ಆಮೇಲೆ, "ಇದು ಕಾಕಿಗೂ ಹೊಳದಿರಲಿಲ್ಲ ಅವ್ವ," ಎಂದಳು. ಹೊಳೆಯುವುದು ಹೇಗೆ? ಆ ಹೆಂಗಸಿಗೆ ಹೊಟ್ಟೆಕಿಚ್ಚು ಗೊತ್ತೇ ಇರಲಿಲ್ಲ.

ಮಗಳು ಚೀಲದಿಂದ ಫೋನು ತೆಗೆದಳು. ಅವಳ ಮುಖ ಅರಳಿತ್ತು. "ಕಾಕಿಗೆ ಹೇಳ್ಲಿ?"

ಕಪಾಟಿನಲ್ಲಿದ್ದ ಪುಸ್ತಕ ನನ್ನ ಕಣ್ಣ ಮುಂದೆ ಬಂತು. ಈ ಊಹೆ ಕೇಳಿದರೆ ಸುಮಂಗಲಾ ಎಷ್ಟು ಹಿಗ್ಗುತ್ತಾಳೆಂದೂ ನನಗೆ ಗೊತ್ತಿತ್ತು.

"ಬ್ಯಾಡ," ಎಂದೆ. "ಅಕಿ ಓದೂದ ಬಿಟ್ಟಾಳಲ್ಲ."